ಒಂದೇ ಸಲ ಕೇಳುವ ಯಂತ್ರ

"ಬ್ಯಾಡ್ರಿ. ನನ್ನ ಸಲುವಾಗಿ ಇಷ್ಟ್ಯಾಕ ತ್ರಾಸ ತಗೋತೀರಿ?"

ದನಿ ಅಡಿವೆಪ್ಪ ಹಡಗಲಿ ಅವರದು. ಅಡಿವೆಪ್ಪನವರು ಮಾತ್ರ ಗಾಜಿನ ಗೋಡೆಯ ಆಚೆ, ಬಾಯಲ್ಲಿ ಉಸಿರಿನ ನಳಿಕೆ ಇಟ್ಟುಕೊಂಡು, ನಿನ್ನೆಯಿಂದ ಕಣ್ಣು ತೆರೆಯದೆ ಮಲಗಿದ್ದರು. ಮಾತಾಡಿದ್ದು ಅವರ ಪರವಾಣಿ. ನಿಯಂತ್ರಣ ಕೊಠಡಿಯ ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆ ಇಷ್ಟು ಹೇಳಿ ಸುಮ್ಮನಾಯಿತು. ಪಕ್ಕದ ಪರದೆಯಲ್ಲಿ 'ಖಚಿತತೆ: ಶೇಕಡಾ ತೊಂಬತ್ತಾರು' ಎಂದು ಹಸಿರು ಅಕ್ಷರ ಮೂಡಿತು.

"ಮುಗೀತು," ಎಂದ ಇಂದುಧರ. ಯಂತ್ರದ ಉಸ್ತುವಾರಿ ಅವನದು. "ಇಷ್ಟು ಖಚಿತ ಉತ್ತರ ಈ ವರ್ಷದಾಗ ನಾ ನೋಡೇ ಇಲ್ಲ."

ಡಾಕ್ಟರ್ ಮೆಹಜಬೀನ್ ಸವಣೂರ ಕೈಕಟ್ಟಿ ನಿಂತಿದ್ದರು. ಅಡಿವೆಪ್ಪನವರ ಮಿದುಳಿಗೆ ಚಿಕಿತ್ಸೆ ಕೊಡಬೇಕಾದವರು ಅವರೇ. "ಉಳಸಬಹುದಾದ ಪೇಷಂಟ್ ಇವರು," ಎಂದು ಯಾರಿಗೂ ಅಲ್ಲದಂತೆ ಹೇಳಿ, ನನ್ನ ಕಡೆ ತಿರುಗಿದರು.

ಎಲ್ಲರೂ ಕೊನೆಗೆ ನನ್ನ ಕಡೆ ತಿರುಗುತ್ತಾರೆ. ನಾನು ಕಮಲಾಕ್ಷಿ ನವಲಗುಂದ, ಹುಬ್ಬಳ್ಳಿಯ ಈ ಆಸ್ಪತ್ರೆಯ ನೀತಿ ಸಲಹೆಗಾರ್ತಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ರೋಗಿಗೂ ಡಾಕ್ಟರಿಗೂ ನಡುವೆ ಸರಿ ಯಾವುದು ತಪ್ಪು ಯಾವುದು ಎಂಬ ಪ್ರಶ್ನೆ ಎದ್ದಾಗ ಮಧ್ಯೆ ನಿಂತು ಎರಡೂ ಕಡೆಯವರಿಂದ ಬೈಸಿಕೊಳ್ಳುವುದು. ಪರವಾಣಿ ಬಂದ ಮೇಲೆ ಬೈಗುಳ ಕಡಿಮೆಯಾಗಿತ್ತು. ಯಂತ್ರ ಉತ್ತರ ಕೊಡುತ್ತದೆ, ನಾನು ಸಹಿ ಹಾಕುತ್ತೇನೆ, ಮನೆಗೆ ಹೋಗುತ್ತೇನೆ.

ಮನೆಯ ದೀಪ, ಫ್ಯಾನು, ಒಲೆ ಎಲ್ಲವೂ ಮಾತು ಕೇಳಿಸಿಕೊಂಡು ಕೆಲಸ ಮಾಡುವ ಕಾಲ ಬಂದ ಮೇಲೆ, ಒಪ್ಪಿಗೆ ಕೊಟ್ಟವರ ಮಾತನ್ನೆಲ್ಲ ಕೂಡಿಡುವ ವ್ಯವಸ್ಥೆ ಬಂತು. ನೀವು ಯಾವಾಗ ಹೂಂ ಅನ್ನುತ್ತೀರಿ, ಯಾವಾಗ ಒಲ್ಲೆ ಅನ್ನುತ್ತೀರಿ, ಯಾವುದಕ್ಕೆ ಹೆದರುತ್ತೀರಿ, ಯಾವುದಕ್ಕೆ ಸಿಡುಕುತ್ತೀರಿ ಎಂಬುದನ್ನೆಲ್ಲ ವರ್ಷಗಟ್ಟಲೆ ಕೇಳಿ ಯಂತ್ರವೊಂದು ನಿಮ್ಮ ಹಾಗೆ ಮಾತಾಡಲು ಕಲಿಯುತ್ತದೆ. ನೀವು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರೆ, ನಿಮ್ಮ ರೋಗ ಏನು, ಚಿಕಿತ್ಸೆ ಏನು, ಆಮೇಲೆ ಏನೇನು ಅನುಭವಿಸಬೇಕಾದೀತು ಎಂದು ಅದಕ್ಕೆ ವಿವರಿಸಿ, ಬೇಕೇ ಬೇಡವೇ ಎಂದು ಕೇಳುತ್ತಾರೆ. ಅದು ನಿಮ್ಮ ದನಿಯಲ್ಲಿ ಉತ್ತರಿಸುತ್ತದೆ. ಕಾನೂನಿನ ಕಣ್ಣಿಗೆ ಅದು ನಿಮ್ಮದೇ ಮಾತು.

ಕೇಳುವುದು ಮಾತ್ರ ಒಂದೇ ಸಲ. ಈ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೆ ಬೇಡ ಅಂದವರನ್ನು ಮತ್ತೆ ಮತ್ತೆ ಕೇಳಿ, ಹೆದರಿಸಿ, ಮಕ್ಕಳಿಂದ ಹೇಳಿಸಿ, ಸುಸ್ತಾಗಿ ಹೂಂ ಅನ್ನುವ ತನಕ ಬಿಡದ ಡಾಕ್ಟರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನಿಯಮಕ್ಕಾಗಿ ಹೋರಾಡಿದವರಲ್ಲಿ ನಾನೂ ಒಬ್ಬಳು. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯೇ.

ಅಡಿವೆಪ್ಪನವರಿಗೆ ಬಂದದ್ದು ಮಿದುಳಿಗೆ ಏರಿದ ಜ್ವರ. ಅದಕ್ಕಿರುವುದು ಶೀತನಿದ್ರೆಯ ಚಿಕಿತ್ಸೆ. ಮೈಯನ್ನು ತಂಪು ಮಾಡಿ, ಮಿದುಳಿಗೆ ಕೆಲವು ವಾರ ಪೂರ್ತಿ ವಿಶ್ರಾಂತಿ ಕೊಟ್ಟು, ಊತ ಇಳಿಯುವವರೆಗೆ ಔಷಧಿ ಹರಿಸುತ್ತಾರೆ. ಮುಕ್ಕಾಲು ಪಾಲು ಜನ ಬದುಕುತ್ತಾರೆ. ಆದರೆ ಎಚ್ಚರವಾದಾಗ ಕೈಕಾಲು ಎಳೆಗೂಸಿನ ಕೈಕಾಲಿನಂತೆ ಆಗಿರುತ್ತವೆ. ತಿಂಗಳುಗಟ್ಟಲೆ ಯಾರಾದರೂ ತಿನ್ನಿಸಬೇಕು, ಹಿಡಿದು ನಡೆಸಬೇಕು. ಶುರು ಮಾಡುವುದಾದರೆ ಮರುದಿನ ಸಂಜೆಯೊಳಗೆ ಮಾಡಬೇಕಿತ್ತು. ಆಮೇಲೆ ಮಾಡಿ ಪ್ರಯೋಜನವಿರಲಿಲ್ಲ.

"ಸಹಿ ಹಾಕ್ರಿ ಮೇಡಂ," ಎಂದ ಇಂದುಧರ.

"ಅವರ ಮನೀಗೆ ಹೋಗಿಬರ್ತೀನಿ, ತಡಿ," ಎಂದೆ. ಯಾಕೆ ಹಾಗೆಂದೆನೋ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ 'ಬ್ಯಾಡ್ರಿ' ಎಲ್ಲೋ ಕೇಳಿದ ಹಾಗಿತ್ತು.

ಅಡಿವೆಪ್ಪನವರು ಹಳೇ ಹುಬ್ಬಳ್ಳಿಯ ಒಂದು ಮನೆಯ ಮಾಳಿಗೆಯ ಮೇಲೆ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಸಂಚಾರ ನಿಯಂತ್ರಕರಾಗಿದ್ದವರು. ಯಾವ ಬಸ್ಸು ಯಾವ ಕಟ್ಟೆಗೆ ಬರುತ್ತದೆ, ಯಾವಾಗ ಬಿಡುತ್ತದೆ ಎಂದು ಮೈಕಿನಲ್ಲಿ ಕೂಗಿ ಹೇಳುತ್ತ ನೌಕರಿ ಮುಗಿಸಿದವರು. ಮದುವೆಯಾಗಿರಲಿಲ್ಲ. ಒಬ್ಬ ಅಕ್ಕ ಇದ್ದಳು, ತೀರಿಕೊಂಡಿದ್ದಳು. ಇಷ್ಟನ್ನೂ ಕೆಳಗಿನ ಮನೆಯ ಸುನಂದಾ ಹೇಳಿದಳು. ಅವಳು ಶಾಲೆಯೊಂದರಲ್ಲಿ ಗಣಿತ ಕಲಿಸುವಾಕೆ. ಅಡಿವೆಪ್ಪನವರು ಮೆಟ್ಟಿಲ ಮೇಲೆ ಬಿದ್ದಾಗ ಆಂಬುಲೆನ್ಸ್ ಕರೆಸಿದವಳೂ ಅವಳೇ.

ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒರಗಿಸಿಟ್ಟ ಒಂದು ಊಟದ ತಟ್ಟೆ. ಎಲ್ಲ ಒಂದೊಂದೇ. ನನ್ನ ಮನೆಯಲ್ಲೂ ಹಾಗೇ, ಆದರೆ ನಾನು ಯಾರಾದರೂ ಬಂದಾರೆಂದು ತಟ್ಟೆಗಳನ್ನು ಹೆಚ್ಚಿಗೆ ಇಟ್ಟಿದ್ದೇನೆ.

"ಭಾಳ ಮರ್ಯಾದಿ ಮನುಷ್ಯಾರ್ರಿ," ಎಂದು ಸುನಂದಾ ನಕ್ಕಳು. "ಫ್ಯಾನಿಗೂ ರೀ ಹಚ್ಚಿ ಮಾತಾಡ್ತಿದ್ರು. 'ಸ್ವಲ್ಪ ತಿರುಗ್ತೀರೇನ್ರಿ' ಅಂತ. ನಮಗ ಕೆಳಗ ಕೇಳಿಸ್ತಿತ್ತು."

"ನಿಮ್ಮ ಜೋಡಿ ಮಾತಾಡ್ತಿದ್ರೇನು?"

"ಎದುರಾದ್ರ ಅಷ್ಟ. ಬಾಡಿಗಿಗೆ ಬಂದ ಹೊಸತರಾಗ ಪಂಚಮಿಗೆ ಊಟಕ್ಕ ಕರದಿದ್ದೆ. 'ಬ್ಯಾಡ್ರಿ ತಂಗಿ, ನಿಮಗ್ಯಾಕ ತ್ರಾಸು' ಅಂದ್ರು. ಬ್ಯಾಡ ಅಂದವರಿಗೆ ಒತ್ತಾಯ ಮಾಡೂದು ನನಗ ಸೇರೂದಿಲ್ರಿ. ಆಮ್ಯಾಲ ಕರೀಲಿಲ್ಲ."

"ಮತ್ತ್ಯಾವತ್ತೂ?"

"ಮತ್ತ ಯಾಕ್ರಿ? ಹೇಳಿದ್ರಲ್ಲ, ಬ್ಯಾಡಂತ." ಅವಳ ಮಾತಿನಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ.

ಇಳಿದು ಬಂದಾಗ ಅವಳು ತನ್ನ ಬಾಗಿಲಲ್ಲಿ ನಿಂತು ಕೇಳಿದಳು. "ಚಹಾ ಮಾಡ್ಲೇನ್ರಿ?"

"ಬ್ಯಾಡ್ರಿ, ಈಗ ಕುಡದ ಬಂದೆ," ಎಂದೆ.

"ಆತು ಹಂಗಾದ್ರ," ಎಂದು ಅವಳು ನಗುತ್ತ ಬಾಗಿಲು ಹಾಕಿಕೊಂಡಳು.

ನಾನು ಬೆಳಿಗ್ಗೆಯಿಂದ ಏನೂ ಕುಡಿದಿರಲಿಲ್ಲ. ತಲೆ ಸಿಡಿಯುತ್ತಿತ್ತು. ಒಂದು ಲೋಟ ಚಹಾಕ್ಕೆ ನನ್ನ ಅರ್ಧ ಆಸ್ತಿ ಬರೆದುಕೊಡುವ ಸ್ಥಿತಿಯಲ್ಲಿದ್ದೆ. ಆದರೂ ನಾಲಿಗೆ ತಾನಾಗಿಯೇ ಬೇಡ ಅಂದಿತ್ತು. ಮುಚ್ಚಿದ ಬಾಗಿಲ ಮುಂದೆ ಚಪ್ಪಲಿ ಹಾಕಿಕೊಳ್ಳುತ್ತ ನಿಂತಾಗ, ಆ ಪೆಟ್ಟಿಗೆಯ ಮಾತನ್ನು ನಾನು ಎಲ್ಲಿ ಕೇಳಿದ್ದೆನೆಂಬುದು ಗೊತ್ತಾಯಿತು. ನನ್ನ ಬಾಯಿಂದಲೇ ಕೇಳಿದ್ದೆ.

ನಮ್ಮ ಕಡೆ ಮೊದಲನೇ ಸಲಕ್ಕೆ ಯಾರು ಹೂಂ ಅನ್ನುತ್ತಾರೆ? ನಮ್ಮವ್ವ ರೊಟ್ಟಿ ಹಿಡಿದು ಬಂದರೆ ಬೀಗರು ತಟ್ಟೆಯ ಮೇಲೆ ಕೈ ಅಡ್ಡ ಇಡುತ್ತಿದ್ದರು. ಅವ್ವ ಅಲ್ಲಿಂದ ಕದಲುತ್ತಿರಲಿಲ್ಲ. ಎರಡು ಮಾತಾಡಿ, ಒಮ್ಮೆ ಗದರಿ, ಒಮ್ಮೆ ಸಿಟ್ಟು ಬಂದವಳಂತೆ ನಟಿಸಿದ ಮೇಲೆ ಆ ಕೈ ಸರಿಯುತ್ತಿತ್ತು. ಬೇಡ ಅನ್ನುವುದು ಊಟದ ಮೊದಲ ತುತ್ತು. ಬೇಡ ಅನ್ನದೆ ತಿಂದವನನ್ನು ಹೊಟ್ಟೆಬಾಕ ಅನ್ನುತ್ತಿದ್ದರು. ಒಂದೇ ಸಲ ಕೇಳಿ ಹೊರಟುಹೋದವರಿಗೆ ಜಿಪುಣರು ಅನ್ನುವ ಹೆಸರು ಬರುತ್ತಿತ್ತು. ಈಗ ಕೇಳುವವರು ಸುಧಾರಿಸಿದ್ದಾರೆ, ಒಂದೇ ಸಲ ಕೇಳುತ್ತಾರೆ. ಉತ್ತರ ಕೊಡುವವರು ಮಾತ್ರ ಇನ್ನೂ ಹಳೆಯ ಪದ್ಧತಿಯಲ್ಲೇ ಕೈ ಅಡ್ಡ ಇಟ್ಟುಕೊಂಡು ಕೂತಿದ್ದೇವೆ.

ಮನೆಗೆ ಬಂದು ಚಹಾ ಮಾಡಿಕೊಂಡು ಇಂದುಧರನಿಗೆ ಫೋನ್ ಮಾಡಿದೆ. ತನ್ನ ಪರವಾಣಿಯನ್ನು ತಾನೇ ಕೇಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಯಾರೂ ಬಳಸುವುದಿಲ್ಲ. ನನಗಂತೂ ಕೇಳಲು ಹೆದರಿಕೆಯೇ ಇತ್ತು.

"ನಿಮ್ಮದಾ ಮೇಡಂ? ಯಾಕ್ರಿ?" ಎಂದ ಅವನು.

"ಅಡಿವೆಪ್ಪನವರ ಕಾಯಿಲೆ ನನಗ ಬಂದೇತಿ ಅಂತ ತಿಳಸಿ ಕೇಳು. ಅದೇ ಪ್ರಶ್ನೆ. ಒಂದಕ್ಷರ ಬದಲ ಮಾಡಬ್ಯಾಡ."

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಫೋನಿನಿಂದ ನನ್ನ ದನಿಯೇ ಬಂತು. ನನ್ನದು ಇಷ್ಟು ಒಣ ದನಿ ಎಂದು ನನಗೆ ತಿಳಿದಿರಲಿಲ್ಲ.

"ಬ್ಯಾಡ. ನನಗ ಹಿಂದ ಮುಂದ ಯಾರೂ ಇಲ್ಲ. ಆ ಹಾಸಿಗಿ ಯಾರರ ಮಕ್ಕಳು ಮರಿ ಇದ್ದವರಿಗೆ ಕೊಡ್ರಿ."

"ತೊಂಬತ್ತೊಂದು," ಎಂದ ಇಂದುಧರ ಮೆಲ್ಲಗೆ. ಆಮೇಲೆ, "ಮೇಡಂ, ಇದೀರೇನ್ರಿ?" ಎಂದ. ನಾನು ಫೋನ್ ಇಟ್ಟುಬಿಟ್ಟೆ.

ಮೊದಲು ಸಿಟ್ಟು ಬಂತು. ನನ್ನ ಜೀವವನ್ನು ಊರವರಿಗೆ ಹಂಚಲು ಇದ್ಯಾರು? ಆಮೇಲೆ ಅಳು ಬಂತು. ಯಾಕೆಂದರೆ ಯಂತ್ರ ಏನನ್ನೂ ಕಟ್ಟಿ ಹೇಳಿರಲಿಲ್ಲ. ಆ ಮಾತುಗಳೆಲ್ಲ ನನ್ನವೇ. ದೀಪಾವಳಿಗೆ ಕರೆದವರಿಗೆ, ಜ್ವರ ಬಂದಾಗ ಬರಲೇ ಅಂದವರಿಗೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಎದ್ದವರಿಗೆ ನಾನು ಹಾಗೆಯೇ ಹೇಳುತ್ತ ಬಂದಿದ್ದೆ. ನನಗ್ಯಾರೂ ಇಲ್ಲ, ನನ್ನದೇನಿದೆ, ನಿಮ್ಮದು ನೋಡಿಕೊಳ್ಳಿ. ಯಾರ ಕೈಯಿಂದಲೂ ಏನನ್ನೂ ಬಯಸದವಳು ಎಂದು ಅನ್ನಿಸಿಕೊಳ್ಳುವುದರಲ್ಲಿ ಒಂದು ಗತ್ತು ಇತ್ತು. ಆ ಗತ್ತನ್ನು ಯಂತ್ರ ನನ್ನ ಮನಸ್ಸು ಅಂದುಕೊಂಡಿತ್ತು.

ಮನಸ್ಸು ಬೇರೆಯೇ ಇತ್ತು. ನನಗೆ ಬದುಕಬೇಕಿತ್ತು. ಯಾರಿಗಾಗಿಯೂ ಅಲ್ಲ. ಬರುವ ಬೇಸಿಗೆಯ ಆಪೂಸ್ ಹಣ್ಣು ತಿನ್ನಬೇಕಿತ್ತು, ಟೆರೇಸಿನ ಮಲ್ಲಿಗೆ ಬಳ್ಳಿ ಹಬ್ಬುವುದನ್ನು ನೋಡಬೇಕಿತ್ತು, ಇನ್ನೂ ನಾಲ್ಕು ಜನರ ಹತ್ತಿರ ಜಗಳವಾಡಬೇಕಿತ್ತು. ನಳಿಕೆ ಹಾಕಿದರೆ ಹಾಕಲಿ, ಯಾರೋ ತಿನ್ನಿಸಿದರೆ ತಿನ್ನಿಸಲಿ. ಐವತ್ತನಾಲ್ಕು ವರ್ಷದ ಹೆಂಗಸು ಖಾಲಿ ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಲೆಕ್ಕ ಹಾಕಿ ಅಳುತ್ತಿದ್ದದ್ದನ್ನು ಒಲೆ, ದೀಪ, ಫ್ಯಾನುಗಳು ಎಂದಿನಂತೆ ಕೇಳಿಸಿಕೊಂಡವು.

ಮರುದಿನ ಬೆಳಿಗ್ಗೆ ನೀತಿ ಸಮಿತಿ ಕೂಡಿತು. ಅಧ್ಯಕ್ಷರು ವಾದಿರಾಜ ಕಟ್ಟಿ, ನಿವೃತ್ತ ನ್ಯಾಯಾಧೀಶರು. ಮಾತಿಗಿಂತ ಮೌನದಲ್ಲೇ ಹೆಚ್ಚು ತೂಕ ಇಟ್ಟುಕೊಂಡ ಮನುಷ್ಯ. ನಾನು ಸಹಿ ಹಾಕಲಿಲ್ಲವೆಂದು ತಿಳಿದು ಅವರಿಗೆ ಬೇಸರವಾಗಿತ್ತು.

"ನವಲಗುಂದ ಅವರೇ, ಒಂದೇ ಸಲ ಕೇಳಬೇಕು ಅಂತ ಹಟ ಹಿಡದವರೊಳಗ ನೀವೂ ಒಬ್ಬರು. ಈಗ ಉತ್ತರ ಮನಸಿಗೆ ಬರಲಿಲ್ಲಂತ ಮತ್ತೊಮ್ಮೆ ಕೇಳಬೇಕೇನು?"

"ಮತ್ತೊಮ್ಮೆ ಕೇಳೂದು ಬ್ಯಾಡ್ರಿ ಸರ್. ಅದು ಕೊಟ್ಟಿದ್ದು ಅವರ ಉತ್ತರ ಹೌದೋ ಅಲ್ಲೋ ನೋಡ್ರಿ ಅಂತೀನಿ."

ಇಂದುಧರನಿಗೆ ತಡೆಯಲಾಗಲಿಲ್ಲ. "ಮೇಡಂ, ಅಡಿವೆಪ್ಪನವರು ಎಚ್ಚರ ಇದ್ದಾಗ ನಾವು ಹೋಗಿ ಕೇಳಿದ್ರೂ ಇದೇ ಮಾತು ಅಂತಿದ್ರು. ಬೇಕಾದ್ರ ಪಂಥ ಕಟ್ತೀನಿ."

"ನಾನೂ ಕಟ್ತೀನಿ. ಇದೇ ಮಾತು ಅಂತಿದ್ರು. ಅವರು ಏನ ಅಂತಾರ ಅನ್ನೂದು ನಿನ್ನ ಯಂತ್ರಕ್ಕ ಗೊತ್ತೈತಿ. ಅವರಿಗೇನು ಬೇಕು ಅನ್ನೂದು ಗೊತ್ತಿಲ್ಲ."

ಕಟ್ಟಿಯವರು ಪೆನ್ನು ಕೆಳಗಿಟ್ಟರು. "ಇದು ಭಾಳ ಅಪಾಯದ ಮಾತು. ಬಾಯಿಲೆ ಬ್ಯಾಡ ಅಂದ್ರೂ ಮನಸಿನ್ಯಾಗ ಬೇಕಾಗಿತ್ತು ಅಂತ ಹೇಳಿಕೋತನ ಮಂದಿ ಎಂಥೆಂಥಾ ಅನ್ಯಾಯ ಮಾಡ್ಯಾರ ಅನ್ನೂದು ನನ್ನ ಕೋರ್ಟಿನ್ಯಾಗ ನಾ ನೋಡೀನಿ. ಆ ಬಾಗಿಲಾ ನೀವು ತೆರೀಬ್ಯಾಡ್ರಿ."

ಅವರ ಮಾತು ನೂರಕ್ಕೆ ನೂರು ಸರಿ. ಆ ಬಾಗಿಲು ಮುಚ್ಚಲೆಂದೇ ನಾನು ಇಷ್ಟು ವರ್ಷ ದುಡಿದದ್ದು. ಆದರೂ ಫೋನ್ ತೆಗೆದು ಮೇಜಿನ ಮೇಲಿಟ್ಟು, ಅದರಲ್ಲಿ ದಾಖಲಾಗಿದ್ದ ನನ್ನ ಪರವಾಣಿಯ ಉತ್ತರವನ್ನು ಅವರಿಗೆ ಕೇಳಿಸಿದೆ.

ಹಿಂದ ಮುಂದ ಯಾರೂ ಇಲ್ಲ ಎಂದು ನನ್ನ ದನಿ ಆ ಕೊಠಡಿಯ ತುಂಬ ಹೇಳಿತು. ಮೆಹಜಬೀನ್ ತಲೆ ತಗ್ಗಿಸಿದರು. ಇಂದುಧರ ಕಿಟಕಿ ನೋಡಿದ. ಬಟ್ಟೆ ಕಳಚಿ ನಿಂತ ಹಾಗೆ ನಾಚಿಕೆಯಾಯಿತು ನನಗೆ.

"ನಿನ್ನೆ ಅದೇ ಪ್ರಶ್ನೆ ನನ್ನ ಯಂತ್ರಕ್ಕ ಕೇಳಿಸಿದ್ದೆ," ಎಂದೆ. "ಇದು ಹೇಳಿದ್ದು ಸುಳ್ಳು. ನಾನು ಇಲ್ಲೇ ಕುಂತೀನಿ, ನನ್ನನ್ನ ಕೇಳ್ರಿ. ನನಗ ಸಾಯೂದು ಬ್ಯಾಡ. ಅಡಿವೆಪ್ಪನವರ ಸಲುವಾಗಿ ಹಿಂಗ ಎದ್ದು ಹೇಳವರು ಯಾರೂ ಇಲ್ಲ."

ಕಟ್ಟಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. "ನಿಮ್ಮ ಮಾತು ನಿಮ್ಮ ಮಟ್ಟಿಗೆ ನಡೀತದ. ಅವರ ಮಟ್ಟಿಗೆ ಹ್ಯಾಂಗ ನಡೀತದ? ಅವರಿಗೆ ಖರೇನ ಬ್ಯಾಡಾಗಿದ್ರ?"

"ಇರಬಹುದ್ರಿ. ನನಗೂ ಗೊತ್ತಿಲ್ಲ. ಆದ್ರ ಖರೇ ಬ್ಯಾಡಾದವರು ತಮ್ಮ ಬಗ್ಗೆ ಒಂದಾದ್ರೂ ಮಾತು ಆಡ್ತಾರ. ನನಗ ನೋವು ತಡಕೊಳ್ಳಾಕ ಆಗೂದಿಲ್ಲ ಅಂತಾರ, ನಂದು ಎಲ್ಲಾ ಮುಗದೇತಿ ಅಂತಾರ. ಇಂದುಧರ, ಅಡಿವೆಪ್ಪನವರು ಬ್ಯಾಡ ಅಂದಿದ್ದನ್ನೆಲ್ಲಾ ಯಂತ್ರ ಕೂಡಿಟ್ಟೇತಲ್ಲ, ಅದರಾಗ ತಮ್ಮ ಬಗ್ಗೆ ಏನರ ಅಂದಾರೇನು ನೋಡು."

ಅವನು ತನ್ನ ಪರದೆಯಲ್ಲಿ ಹುಡುಕಿದ. ಕಾಯುತ್ತ ಕೂತೆವು. ಹುಡುಕುತ್ತ ಹುಡುಕುತ್ತ ಅವನ ಮುಖದ ಠೀವಿ ಇಳಿಯಿತು. "ಎಲ್ಲಾದರಾಗೂ ಅದೇ ಐತ್ರಿ. ನಿಮಗ ತ್ರಾಸು, ನಿಮಗ್ಯಾಕ ತೊಂದ್ರಿ. ನನಗ ಅಂತ ಸುರು ಆಗೂ ಮಾತು... ಒಂದೂ ಸಿಗವಲ್ದು."

"ಯಂತ್ರ ಅದನ್ನೇ ಖಚಿತ ಅಂದೇತಿ," ಎಂದೆ. "ಅವರಿಗೆ ಬದುಕೂದು ಬೇಕು ಅಂತ ನಾ ಸಿದ್ಧ ಮಾಡಿ ತೋರಸಾಕ ಆಗೂದಿಲ್ಲ ಸರ್. ನಮಗ ಗೊತ್ತಿಲ್ಲ ಅನ್ನೂದಷ್ಟ ತೋರಸಬಹುದು. ಗೊತ್ತಿಲ್ಲದಾಗ, ತಪ್ಪಾದ್ರ ತಿದ್ದಾಕ ಬರೂ ದಾರಿ ಹಿಡಿಯೂದು ಚಲೋ."

ಮೆಹಜಬೀನ್ ಆಗ ಬಾಯಿ ತೆರೆದರು. "ನಾ ಸುರು ಮಾಡಿದ್ದನ್ನ ನಿಲ್ಲಸಬಹುದ್ರಿ. ಎಚ್ಚರಾದ ಮ್ಯಾಲೆ ಎರಡನೇ ಹಂತದ ಚಿಕಿತ್ಸೆ ಇರ್ತೈತಿ, ನಳಿಕಿಲೆ ಊಟ, ಉಸಿರಿನ ವ್ಯಾಯಾಮ, ನಡಸೂದು. ಅದು ಇಲ್ಲಂದ್ರ ಅವರು ಭಾಳ ದಿನಾ ಉಳಿಯೂದಿಲ್ಲ. ಅದಕ್ಕ ಮೊದಲು ಅವರನ್ನೇ ಕೇಳೂಣು. ಬ್ಯಾಡ ಅಂದ್ರ ಮುಂದುವರಸೂದಿಲ್ಲ. ಇವತ್ತು ಬಿಟ್ರ ಕೇಳಾಕ ಅವರೇ ಇರೂದಿಲ್ಲ."

ಕಟ್ಟಿಯವರು ಆದೇಶ ಬರೆಸಿದರು. ಮೊದಲನೇ ಹಂತ ಶುರು ಮಾಡುವುದು. ಎಚ್ಚರವಾದ ಮೇಲೆ ರೋಗಿಯನ್ನೇ ಕೇಳುವುದು. ಆ ಮಾತೇ ಕೊನೆ. ಎದ್ದು ಹೋಗುವಾಗ ನನ್ನ ಪಕ್ಕ ನಿಂತರು. "ಆವತ್ತು ಅವರು ಬ್ಯಾಡ ಅಂದ್ರ ನೀವು ಒತ್ತಾಯ ಮಾಡೂಹಾಂಗಿಲ್ಲ. ಒಂದು ಮಾತೂ."

"ಆತ್ರಿ," ಎಂದೆ.

ಶೀತನಿದ್ರೆಯ ವಾರಗಳಲ್ಲಿ ದಿನಾ ಒಮ್ಮೆ ಗಾಜಿನ ಈಚೆ ನಿಂತು ಬರುತ್ತಿದ್ದೆ. ನೋಡಲು ಏನೂ ಇರುತ್ತಿರಲಿಲ್ಲ. ತಣ್ಣಗಿನ ನೀಲಿ ಹೊದಿಕೆಯೊಳಗೆ ಒಬ್ಬ ಮನುಷ್ಯ, ಅವರನ್ನು ನೋಡಲು ಬರುವವರು ಯಾರೂ ಇಲ್ಲ. ಒಂದು ಸಲ ಸುನಂದಾ ಫೋನ್ ಮಾಡಿ ಹೇಗಿದ್ದಾರೆ ಎಂದು ಕೇಳಿದಳು, ಅಷ್ಟೇ. ಇತ್ತ ನನ್ನ ಒಂಟಿತನ ಇಡೀ ಆಸ್ಪತ್ರೆಗೆ ಸುದ್ದಿಯಾಗಿತ್ತು. ನರ್ಸುಗಳು ಎಂದಿಗಿಂತ ಮೆತ್ತಗೆ ಮಾತಾಡಿಸತೊಡಗಿದರು. ಅದು ಬೈಗುಳಕ್ಕಿಂತ ಕಷ್ಟ.

ಒಂದು ದಿನ ಮೆಹಜಬೀನ್ ಕಾರಿಡಾರಿನಲ್ಲಿ ತಡೆದು, "ರವಿವಾರ ಮನೀಗೆ ಊಟಕ್ಕ ಬರ್ರಿ," ಎಂದರು.

"ಬ್ಯಾಡ್ರಿ, ನಿಮಗ ಇರೂದ ಒಂದು ರಜಾ," ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ನನ್ನ ಮುಖ ನೋಡಿದರು. ಇದು ಯಾವ ಬಗೆಯ ಬೇಡ ಎಂದು ಅವರಿಗೂ ತಿಳಿಯದೆ, ಮತ್ತೆ ಕೇಳಿದರೆ ತಪ್ಪಾದೀತೆಂದು ಹೆದರಿ, "ಆತ್ರಿ, ಇನ್ನೊಮ್ಮೆ," ಎಂದು ಹೊರಟುಹೋದರು. ಸಮಿತಿಯ ಮುಂದೆ ಅಷ್ಟೆಲ್ಲ ವಾದಿಸಿದವಳು ಒಂದು ಊಟಕ್ಕೆ ಹೂಂ ಅನ್ನಲಾಗದೆ ಆ ರವಿವಾರ ಮನೆಯಲ್ಲಿ ಉಪ್ಪಿಟ್ಟು ತಿಂದೆ.

ಅಡಿವೆಪ್ಪನವರಿಗೆ ಎಚ್ಚರವಾಯಿತು. ನಳಿಕೆ ತೆಗೆದ ಮೂರನೇ ದಿನ, ಮಾತು ಸ್ಪಷ್ಟವಾಗಿದೆ ಎಂದು ಮೆಹಜಬೀನ್ ಹೇಳಿದ ಮೇಲೆ ಹೋದೆ. ತೀರ ಕರಗಿಹೋಗಿದ್ದರು. ಕಣ್ಣು ಮಾತ್ರ ಚುರುಕಾಗಿತ್ತು. ಕೈ ಎತ್ತಲಾಗದೆ ಗದ್ದವನ್ನೇ ತುಸು ತಗ್ಗಿಸಿ ನಮಸ್ಕಾರ ಮಾಡಿದರು.

"ಕುಂದರ್ರಿ. ಕುರ್ಚಿ ಐತೇನ್ರಿ ಅಲ್ಲಿ?" ಎಂದರು.

ಕೂತೆ. ನಾನು ಯಾರು, ಅವರಿಗೆ ಏನಾಗಿತ್ತು, ಪರವಾಣಿ ಏನೆಂದಿತ್ತು, ನಾವು ಏನು ಮಾಡಿದೆವು, ಮುಂದಿನ ಹಂತದಲ್ಲಿ ಏನೇನಿದೆ, ಬೇಡವೆಂದರೆ ಏನಾಗುತ್ತದೆ, ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಬಸ್ಸಿನ ವೇಳೆ ಕೇಳಿಸಿಕೊಳ್ಳುವ ಪ್ರಯಾಣಿಕರಂತೆ ಗಮನವಿಟ್ಟು ಕೇಳಿದರು. ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ.

"ಬ್ಯಾಡ್ರಿ," ಎಂದರು. "ನನ್ನ ಸಲುವಾಗಿ ಇಷ್ಟ್ಯಾಕ ತ್ರಾಸ ತಗೋತೀರಿ?"

ಅಕ್ಷರ ಅಕ್ಷರ ಅದೇ ಮಾತು. ಎದ್ದು ಹೋದರೆ ಆದೇಶ ಪಾಲಿಸಿದ ಹಾಗೆ. ಅವರು ಮಾತ್ರ ಸಾಯುತ್ತಾರೆ. ಇನ್ನೊಂದು ಸಲ ಕೇಳಿದರೆ, ಯಾವ ಡಾಕ್ಟರುಗಳನ್ನು ಜೀವಮಾನವಿಡೀ ಬೈದೆನೋ ಅವರ ಸಾಲಿಗೆ ನಾನೂ ಸೇರುತ್ತೇನೆ. ಕೇಳಲಿಲ್ಲ. ಆದರೆ ಏಳಲೂ ಇಲ್ಲ.

"ಆತ್ರಿ, ನಿಮ್ಮ ಮಾತು ತಿಳೀತು," ಎಂದೆ. "ಈಗ ನನ್ನದೊಂದು ಹೇಳ್ತೀನಿ. ಇದು ಪ್ರಶ್ನೆ ಅಲ್ಲ. ನನ್ನ ಪರವಾಣಿಗೂ ಇದನ್ನೇ ಕೇಳಿಸಿದ್ದೆ. ಅದೂ ಬ್ಯಾಡ ಅಂತು. ಕೇಳಿ ನಾ ಅತ್ತೆ. ನನಗ ಸಾಯೂದು ಬ್ಯಾಡಾಗಿತ್ರಿ. ಆದ್ರ ನನಗ ಬೇಕು ಅಂತ ಯಾರ ಮುಂದೂ ಅಂದು ರೂಢಿ ಇರಲಿಲ್ಲ."

ಅವರು ಮುಖವನ್ನು ನನ್ನ ಕಡೆ ಹೊರಳಿಸಿದರು. "ನಿಮ್ಮ ಮನ್ಯಾಗ ಯಾರ್ಯಾರು ಅದಾರ್ರಿ?" ಎಂದರು.

"ನಾನೊಬ್ಬಾಕಿನ್ರಿ."

"ಹ್ಞಾಂ," ಎಂದರು. "ಎಷ್ಟ ದಿನಾ ಹಿಡೀತೈತಿ ಅಂದ್ರಿ, ಈ ನಡಸೂದು ಪಡಸೂದು?"

"ಮೂರ ತಿಂಗಳು. ಒಂದ ನಾಕೂ ಆಗಬಹುದು."

"ನೀವು ಬರ್ತಿರ್ತೀರೇನ್ರಿ, ನಡುನಡುವ?"

ನೋಡೋಣ್ರಿ ಅನ್ನುವುದು ತುಟಿಯವರೆಗೆ ಬಂದಿತ್ತು. "ಬರ್ತೀನ್ರಿ," ಎಂದೆ.

"ಹಂಗಾದ್ರ..." ಎಂದು ಅವರು ಶುರು ಮಾಡಿದರು.

"ಈಗ ಹೇಳಬ್ಯಾಡ್ರಿ," ಎಂದು ಎದ್ದುನಿಂತೆ. ಆ ಮಾತು ಪೂರ್ತಿ ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೋ ಅಷ್ಟೇ ಭಯವಾಯಿತು. ಒಂಟಿ ಹೆಂಗಸೊಬ್ಬಳು ಕಣ್ಣೀರಿನ ಕಥೆ ಹೇಳಿ ಮುಂದೆ ಕೂತರೆ, ಫ್ಯಾನಿಗೂ ರೀ ಅನ್ನುವ ಮನುಷ್ಯ ಆಕೆಯ ಸಮಾಧಾನಕ್ಕಾಗಿ ನಾಲ್ಕು ತಿಂಗಳ ಯಾತನೆಗೂ ಹೂಂ ಅಂದಾರು. ಅವರ ಬೇಡ ಸಂಕೋಚದ್ದಾದರೆ, ಬೇಕು ಕೂಡ ಸಂಕೋಚದ್ದೇ ಆಗಿರಬಹುದಲ್ಲ. ಹೊರಗೆ ಬಂದು ಕಟ್ಟಿಯವರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ನೀವು ಮಾಡಿದ್ದು ಒತ್ತಾಯನ," ಎಂದರು ಅವರು.

"ಹೌದ್ರಿ. ಈ ಕೇಸಿನಿಂದ ನನ್ನನ್ನ ತಗದುಬಿಡ್ರಿ."

"ತಗದೀನಿ. ನಾಳೆ ನಾನ ಹೋಗಿ ಕೇಳ್ತೀನಿ. ನಿಮ್ಮ ಆಸರಾ ಇಲ್ಲಂತ ತಿಳಕೊಂಡ ಮ್ಯಾಲ ಅವರು ಏನಂತಾರ ನೋಡಬೇಕು."

ಮರುದಿನ ಮಧ್ಯಾಹ್ನ ಕಟ್ಟಿಯವರು ಒಳಗೆ ಹೋದರು. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಕೂರಲು ನನಗೆ ಯಾವ ಅಧಿಕಾರವೂ ಇರಲಿಲ್ಲ, ನಾನು ಈಗ ಅವರಿಗೆ ಸಲಹೆಗಾರ್ತಿಯೂ ಅಲ್ಲ, ಸಂಬಂಧಿಯೂ ಅಲ್ಲ. ಮೆಹಜಬೀನ್ ಹಾದುಹೋಗುವಾಗ ಒಂದು ಲೋಟ ಚಹಾ ತಂದು, ಏನೂ ಕೇಳದೆ ನನ್ನ ಕೈಗಿಟ್ಟು ಹೋದರು. ಒಳಗಿನ ಮಾತು ಹೊರಗೆ ಕೇಳಿಸುತ್ತಿರಲಿಲ್ಲ. ಅವರು ಬೇಡ ಅಂದರೆ ಆ ಬೇಡವನ್ನು ನಾನು ನಂಬಲೇಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿ, ಮನೆಗೆ ಹೋಗಿ, ದೀಪ ಹಾಕಿಕೊಳ್ಳಬೇಕು.

ಕಟ್ಟಿಯವರು ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ.

"ನವಲಗುಂದ ಅವರನ್ನ ತಗದೇವಿ, ಅವರು ಇನ್ನ ಬರೂದಿಲ್ಲ ಅಂತನ ತಿಳಕೊಂಡು ಹೇಳ್ರಿ ಅಂದೆ," ಎಂದರು. "ಸುಮ್ಮನಾದ್ರು. ಭಾಳೊತ್ತು ಸುಮ್ಮನ ಇದ್ರು. ಎದ್ದು ಬರಬೇಕಂತ ಮಾಡಿದ್ದೆ."

ನಾನು ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟೆ.

"ಆಮ್ಯಾಲ, 'ಬರದಿದ್ರ ಇರಲಿ ಬಿಡ್ರಿ, ಆದ್ರೂ ನನಗ ಬದುಕೂದು ಬೇಕಾಗೇತಿ' ಅಂದ್ರು. ಅಂದು ಅತ್ತರು. ಬರಕೊಂಡೀನಿ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇನ್ನ ನೀವು ಒಳಗ ಹೋಗಬಹುದು."

ನಾನು ಎದ್ದು ಬಾಗಿಲು ತಳ್ಳಿದೆ. ಅಡಿವೆಪ್ಪನವರು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರು.